ದೊಡ್ಡ ಆಯಿಲ್ ಪಂಪ್ ಹಾಕಿಸುವ ಮುಂಚೆ

ಎರಡು ಇಂಚು ನೀರಿನ ಬೋರ್‌ವೆಲ್‌ಗೆ ಹತ್ತು ಎಚ್‌ಪಿ ಮೋಟಾರ್ ಇಳಿಸಿದರೆ ಏನಾಗುತ್ತದೆ ಎಂದು ಯಾವ ರೈತನನ್ನು ಕೇಳಿದರೂ ಹೇಳುತ್ತಾನೆ. ಸ್ವಲ್ಪ ಹೊತ್ತು ಪೈಪ್ ತುಂಬಿ ಹೊಡೆಯುತ್ತದೆ, ನೋಡುವವರಿಗೆ ಹಬ್ಬ. ಆಮೇಲೆ ನೀರಿಗಿಂತ ಗಾಳಿಯೇ ಹೆಚ್ಚು ಬರತೊಡಗುತ್ತದೆ. ಕೊನೆಗೆ ಡ್ರೈ ರನ್ ಆಗಿ ಮೋಟಾರ್ ಸುಡುತ್ತದೆ. ನಮ್ಮಪ್ಪ ಒಂದು ಸಲ ಹೀಗೆ ಮಾಡಿ ವೈಂಡಿಂಗ್‌ಗೆ ದುಡ್ಡು ಸುರಿದಿದ್ದರು. ಹದಿನೈದು ವರ್ಷ ಕಳೆದ ಮೇಲೆ ಗೆಳೆಯನೊಬ್ಬ ಅದೇ ತಪ್ಪನ್ನು ತನ್ನ ಟರ್ಬೊ ಕಾರಿನಲ್ಲಿ ಮಾಡಿದ. 'ಹೈ ವಾಲ್ಯೂಮ್' ಆಯಿಲ್ ಪಂಪ್ ಹಾಕಿಸಿ ಟ್ರ್ಯಾಕ್‌ಗೆ ಒಯ್ದ. ಉದ್ದನೆಯ ಬಲತಿರುವಿನಲ್ಲಿ ಆಯಿಲ್ ಪ್ರೆಶರ್ ಗೇಜಿನ ಮುಳ್ಳು ಕೆಳಗೆ ಬೀಳುತ್ತಿತ್ತು, ನೇರ ರಸ್ತೆಗೆ ಬಂದರೆ ಮತ್ತೆ ಏರುತ್ತಿತ್ತು. ಕೆಲವೇ ಲ್ಯಾಪ್‌ಗಳಲ್ಲಿ ಬಿಗ್ ಎಂಡ್ ಬೇರಿಂಗ್ ಕಟಕಟ ಎನ್ನತೊಡಗಿತು. ಹಳೆಯ ಪಂಪ್‌ಗೆ ಏನಾಗಿತ್ತು ಎಂದು ಕೇಳಿದೆ. "ಏನೂ ಆಗಿರ್ಲಿಲ್ಲ ಮಾರಾಯ, ಪವರ್ ಜಾಸ್ತಿ ಮಾಡಿದ್ನಲ್ಲ, ಅದಕ್ಕೇ ದೊಡ್ಡದು ಹಾಕ್ಸಿದೆ" ಎಂದ.

ಪವರ್ ಏರಿದರೆ ಟರ್ಬೊ ದೊಡ್ಡದಾಗಬೇಕು, ಇಂಜೆಕ್ಟರ್ ದೊಡ್ಡದಾಗಬೇಕು, ರೇಡಿಯೇಟರ್ ದೊಡ್ಡದಾಗಬೇಕು. ಹಾಗಾಗಿ ಆಯಿಲ್ ಪಂಪೂ ದೊಡ್ಡದಾಗಬೇಕು ಎಂದುಕೊಳ್ಳುವುದು ಸಹಜ. ಆದರೆ ಪಂಪ್‌ನ ಅಳತೆ ನಿಂತಿರುವುದು ಎಂಜಿನ್‌ನ ಎಚ್‌ಪಿ ಮೇಲಲ್ಲ, ಅದರೊಳಗಿನ ಸಂದುಗಳ ಮೇಲೆ.

ಆಯಿಲ್ ಪಂಪ್ ಒತ್ತಡವನ್ನು ತಯಾರಿಸುವ ಯಂತ್ರವಲ್ಲ. ಒಂದು ಸುತ್ತಿಗೆ ಇಂತಿಷ್ಟು ಆಯಿಲ್ ಎಂದು ಅಳೆದು ಮುಂದಕ್ಕೆ ನೂಕುವುದಷ್ಟೇ ಅದರ ಕೆಲಸ. ಹಳೆಯ ಬಗೆಯಲ್ಲಿ ಅಕ್ಕಪಕ್ಕ ಕೂತ ಎರಡು ಗೇರ್‌ಗಳು ಹಲ್ಲುಗಳ ನಡುವಿನ ಜಾಗದಲ್ಲಿ ಆಯಿಲ್ ತುಂಬಿಕೊಂಡು ಗೋಡೆಗುಂಟ ಸಾಗಿಸುತ್ತವೆ. ಇನ್ನೊಂದು ಬಗೆ ಜೆರೋಟರ್: ಹೊರಗಿನ ರೋಟರ್‌ಗಿಂತ ಒಂದು ಹಲ್ಲು ಕಡಿಮೆ ಇರುವ ಒಳರೋಟರ್ ತಿರುಗುವಾಗ ನಡುವಿನ ಕುಳಿಗಳು ಒಂದು ಕಡೆ ಹಿಗ್ಗಿ ಆಯಿಲ್ ಎಳೆದುಕೊಳ್ಳುತ್ತವೆ, ಇನ್ನೊಂದು ಕಡೆ ಕುಗ್ಗಿ ಹೊರಗೆ ನೂಕುತ್ತವೆ. ಹೀಗೆ ಹೊರಟ ಆಯಿಲ್‌ಗೆ ಮುಂದೆ ಎದುರಾಗುವ ತಡೆಯೇ ಗೇಜಿನಲ್ಲಿ ಕಾಣುವ ಒತ್ತಡ. ಆ ತಡೆಯ ಬಹುಪಾಲು ಹುಟ್ಟುವುದು ಕ್ರ್ಯಾಂಕ್ ಅಂದರೆ ಎಂಜಿನ್‌ನ ತಿರುಗುವ ಮುಖ್ಯ ದಂಡವನ್ನು ಹೊರುವ ಮೇನ್ ಬೇರಿಂಗ್ ಮತ್ತು ಪಿಸ್ಟನ್‌ನ ಕೋಲು ಅದೇ ಕ್ರ್ಯಾಂಕ್‌ಗೆ ಸೇರುವಲ್ಲಿನ ಬಿಗ್ ಎಂಡ್ ಬೇರಿಂಗ್‌ಗಳ ಕೂದಲೆಳೆ ಸಂದುಗಳಲ್ಲಿ. ಡ್ರಿಪ್ ಹಾಕಿದವರಿಗೆ ಇದು ಗೊತ್ತು. ಇಲಿ ಪೈಪ್ ಕಚ್ಚಿದ ದಿನ ಗೇಜಿನ ಮುಳ್ಳು ಇಳಿಯುತ್ತದೆ, ಮೋಟಾರ್ ಮಾತ್ರ ಮೊನ್ನೆಯಷ್ಟೇ ನೀರು ಎತ್ತುತ್ತಿರುತ್ತದೆ.

ಈ ಸಂದಿನ ಲೆಕ್ಕದಲ್ಲೊಂದು ತಮಾಷೆ ಇದೆ. ಬೇರಿಂಗ್‌ನ ಅಂಚಿನಿಂದ ಸೋರಿಹೋಗುವ ಆಯಿಲ್ ಸಂದಿನ ಘನಕ್ಕೆ ತಕ್ಕಂತೆ ಏರುತ್ತದೆ. ಅಂದರೆ 0.05 ಮಿ.ಮೀ. ಇದ್ದ ಸಂದು 0.06 ಆದರೆ ಸೋರಿಕೆ ಐದರಲ್ಲೊಂದು ಪಾಲು ಏರುವುದಿಲ್ಲ, 1.2ರ ಘನ ಅಂದರೆ 1.73 ಪಟ್ಟಾಗುತ್ತದೆ. ಕಣ್ಣಿಗೆ ಕಾಣದ, ಮಿಲಿಮೀಟರಿನ ನೂರರಲ್ಲೊಂದು ಪಾಲು! ಆಯಿಲ್‌ನ ತೆಳುವೂ ಹೀಗೆಯೇ ಲೆಕ್ಕ ಕೆಡಿಸುತ್ತದೆ. 40 ಗ್ರೇಡ್ ಆಯಿಲ್ 100 ಡಿಗ್ರಿಯಲ್ಲಿ 12.5ರಿಂದ 16.3 ಸೆಂಟಿಸ್ಟೋಕ್ (ಗಟ್ಟಿತನದ ಅಳತೆ) ನಡುವೆ ಇರಬೇಕೆಂಬುದು ಮಾನಕ. ಟ್ರ್ಯಾಕ್‌ನಲ್ಲಿ ಅದೇ ಆಯಿಲ್ 130 ಡಿಗ್ರಿಗೆ ಹೋದರೆ ಅದರ ಗಟ್ಟಿತನ ಸುಮಾರು ಅರ್ಧಕ್ಕೆ ಇಳಿದಿರುತ್ತದೆ. ಅರ್ಧ ಗಟ್ಟಿ ಎಂದರೆ ಅದೇ ಸಂದಿನಲ್ಲಿ ಎರಡು ಪಟ್ಟು ಸೋರಿಕೆ. ಹಾಗಾಗಿ ಬಿಸಿಯಾದಾಗ ಮಾತ್ರ ಪ್ರೆಶರ್ ಬೀಳುವ ಎಂಜಿನ್‌ಗೆ ಆಯಿಲ್ ಕೂಲರ್ ಹಾಕಿಸಿದರೆ ಸಾಕಾಗಬಹುದು, ಪಂಪ್ ಮುಟ್ಟುವುದೇ ಬೇಡ.

ಪಂಪ್ ಆರಿಸುವವರು ಮೊದಲು ಕೇಳಬೇಕಾದ್ದು ಎಂಜಿನ್ ಕಟ್ಟುವವರನ್ನು: "ಸಂದು ಎಷ್ಟು ಇಡ್ತೀರಿ, ಯಾವ ಆಯಿಲ್ ಹಾಕ್ತೀರಿ?" ಕಂಪನಿಯ ಅಳತೆಯಲ್ಲೇ ಬಿಗಿಯಾಗಿ ಕಟ್ಟಿ ಕಂಪನಿ ಹೇಳಿದ ಗ್ರೇಡ್ ಹಾಕುವುದಾದರೆ, ಪವರ್ ಎರಡು ಪಟ್ಟಾದರೂ ಆಯಿಲ್‌ನ ಬೇಡಿಕೆ ಹೆಚ್ಚೇನೂ ಬದಲಾಗುವುದಿಲ್ಲ. ಹೆಚ್ಚು ಭಾರಕ್ಕೆ ಬಗ್ಗುವ ಕ್ರ್ಯಾಂಕ್‌ಗೆ ಜಾಗ ಬೇಕೆಂದು ಸಂದನ್ನು ಬೇಕಂತಲೇ ಹೆಚ್ಚು ಇಟ್ಟಿದ್ದರೆ, ಟರ್ಬೊ ಬೇರಿಂಗ್‌ಗೆ ಹೊಸ ಲೈನ್ ಎಳೆದಿದ್ದರೆ, ಪಿಸ್ಟನ್‌ಗೆ ಕೆಳಗಿನಿಂದ ಆಯಿಲ್ ಚಿಮುಕಿಸುವ ಜೆಟ್‌ಗಳನ್ನು ಸೇರಿಸಿದ್ದರೆ ಆಗ ಹೆಚ್ಚು ಹರಿವು ಬೇಕು. ದೊಡ್ಡ ಪಂಪ್‌ಗೆ ನ್ಯಾಯವಾದ ಕಾರಣಗಳು ಇವೇ. ಸವೆದ ಬೇರಿಂಗ್‌ನಿಂದ ಬಿದ್ದ ಪ್ರೆಶರನ್ನು ದೊಡ್ಡ ಪಂಪ್‌ನಿಂದ ಮೇಲಕ್ಕೆತ್ತುವುದು ಜ್ವರಕ್ಕೆ ಥರ್ಮಾಮೀಟರ್ ಬದಲಾಯಿಸಿದ ಹಾಗೆ.

ಹಾಗಾದರೆ ಎಷ್ಟು ಪ್ರೆಶರ್ ಸಾಕು? ಅಮೆರಿಕದ ಹಳೆಯ ವಿ8 ಕಟ್ಟುವವರ ಬಾಯಲ್ಲಿ ಒಂದು ಸೂತ್ರವಿದೆ: ಪ್ರತಿ 1000 ಆರ್‌ಪಿಎಂಗೆ 10 ಪಿಎಸ್‌ಐ, ಅಂದರೆ ಸುಮಾರು 0.7 ಬಾರ್. 7000ಕ್ಕೆ ಹೋಗುವ ಎಂಜಿನ್‌ಗೆ 4.8 ಬಾರ್ ಆಯಿತು. ಸೂತ್ರ ಒರಟು, ಆದರೆ ಹಿಂದೆ ಕಾರಣವಿಲ್ಲದೆ ಇಲ್ಲ. ಬೇರಿಂಗ್ ಮತ್ತು ಕ್ರ್ಯಾಂಕ್ ನಡುವೆ ಭಾರ ಹೊರುವ ಪೊರೆಯ ಒತ್ತಡ ನೂರಾರು ಬಾರ್ ಇರುತ್ತದೆ. ಅದನ್ನು ಹುಟ್ಟಿಸುವುದು ಪಂಪ್ ಅಲ್ಲ, ತಿರುಗುವ ಕ್ರ್ಯಾಂಕೇ ಆಯಿಲನ್ನು ಸಂದಿಗೆ ಎಳೆದುಕೊಂಡು ಹುಟ್ಟಿಸುತ್ತದೆ. ಪಂಪ್ ಮಾಡಬೇಕಾದ್ದು ಅಲ್ಲಿಗೆ ಆಯಿಲ್ ತಲುಪಿಸುವುದಷ್ಟೆ. ಆದರೆ ಬಿಗ್ ಎಂಡ್‌ಗೆ ಹೋಗುವ ಆಯಿಲ್ ತಿರುಗುತ್ತಿರುವ ಕ್ರ್ಯಾಂಕ್‌ನ ಒಳಗಿನ ರಂಧ್ರಗಳ ಮೂಲಕವೇ ಹೋಗಬೇಕು. ಕೆಲವು ಕ್ರ್ಯಾಂಕ್‌ಗಳಲ್ಲಿ ಅದು ಮೊದಲು ಮೇಲ್ಮೈಯಿಂದ ನಟ್ಟನಡುವಿಗೆ ಇಳಿಯಬೇಕು, ಅದೂ ಹೊರಕ್ಕೆ ಎಸೆಯುವ ಬಲಕ್ಕೆ ಎದುರಾಗಿ. 60 ಮಿ.ಮೀ. ದಪ್ಪದ ಜರ್ನಲ್ (ಬೇರಿಂಗ್‌ನೊಳಗೆ ಕೂರುವ ಕ್ರ್ಯಾಂಕ್‌ನ ಭಾಗ) 8000 ಆರ್‌ಪಿಎಂನಲ್ಲಿ ತಿರುಗುವಾಗ ಬರೀ ಈ ಎದುರುಬಲವನ್ನು ಗೆಲ್ಲಲು ಸುಮಾರು 2.7 ಬಾರ್ ಬೇಕೆಂದು ಲೆಕ್ಕ ಹಾಕಬಹುದು. ಈ ಬೇಡಿಕೆ ಆರ್‌ಪಿಎಂನ ವರ್ಗಕ್ಕೆ ತಕ್ಕಂತೆ ಏರುತ್ತದೆ, ಹಾಗಾಗಿ ರೆಡ್‌ಲೈನ್, ಅಂದರೆ ಆರ್‌ಪಿಎಂನ ಮೇಲಿನ ಮಿತಿ, ಏರಿಸುವವರಿಗೆ ಪ್ರೆಶರ್‌ನ ಚಿಂತೆ ಇರಬೇಕು. ರೆಡ್‌ಲೈನ್ ಅಲ್ಲೇ ಇದ್ದು ಬೂಸ್ಟ್ (ಟರ್ಬೊ ನೂಕುವ ಗಾಳಿಯ ಒತ್ತಡ) ಮಾತ್ರ ಏರಿಸುವವರಿಗೆ ಅಷ್ಟಿಲ್ಲ.

'ಹೈ ವಾಲ್ಯೂಮ್', 'ಹೈ ಪ್ರೆಶರ್' ಎಂಬ ಎರಡು ಮಾತುಗಳನ್ನು ಅಂಗಡಿಯವರೇ ಗೊಂದಲ ಮಾಡಿಬಿಡುತ್ತಾರೆ. ಮೊದಲನೆಯದರಲ್ಲಿ ಗೇರ್ ಅಥವಾ ರೋಟರ್ ದಪ್ಪ, ಒಂದು ಸುತ್ತಿಗೆ ಹೆಚ್ಚು ಆಯಿಲ್. ಸುಬಾರುವಿನ ಇಜೆ ಎಂಜಿನ್ ಪಂಪ್‌ಗಳನ್ನು 10, 11, 12 ಮಿ.ಮೀ. ಎಂದು ರೋಟರ್ ದಪ್ಪದಿಂದಲೇ ಕರೆಯುವುದು ಇದಕ್ಕೇ. ಎರಡನೆಯದರಲ್ಲಿ ಬದಲಾಗಿರುವುದು ರಿಲೀಫ್ ವಾಲ್ವ್‌ನ ಸ್ಪ್ರಿಂಗ್ ಮಾತ್ರ. ಒತ್ತಡ ಒಂದು ಮಿತಿ ದಾಟಿದಾಗ ಈ ವಾಲ್ವ್ ತೆರೆದು ಹೆಚ್ಚಾದ ಆಯಿಲನ್ನು ಹಿಂದಕ್ಕೆ ಬಿಡುತ್ತದೆ. ಬಿಸಿ ಐಡಲ್‌ನಲ್ಲಿ ಪ್ರೆಶರ್ ಸಾಲದಿದ್ದರೆ ಸ್ಪ್ರಿಂಗ್ ಗಟ್ಟಿ ಮಾಡಿ ಪ್ರಯೋಜನವಿಲ್ಲ, ಅಲ್ಲಿ ವಾಲ್ವ್ ತೆರೆದೇ ಇರುವುದಿಲ್ಲ. ಮೇಲಿನ ಆರ್‌ಪಿಎಂನಲ್ಲಿ ಮುಳ್ಳು ಒಂದು ಕಡೆ ನಿಂತುಬಿಟ್ಟರೆ ವಾಲ್ವ್ ತೆರೆದಿದೆ ಎಂದರ್ಥ, ಅಲ್ಲಿ ದೊಡ್ಡ ರೋಟರ್ ಹಾಕಿದರೂ ಮುಳ್ಳು ಅಲುಗುವುದಿಲ್ಲ. ಹೆಚ್ಚುವರಿ ಆಯಿಲ್ ಸುತ್ತಿ ಸುತ್ತಿ ವಾಲ್ವ್‌ನಲ್ಲೇ ವಾಪಸ್ ಬರುತ್ತದೆ, ಬಿಸಿಯಾಗಿ.

ಆ ಬಿಸಿ ಎಷ್ಟು? 5 ಬಾರ್ ಒತ್ತಡದಲ್ಲಿ ನಿಮಿಷಕ್ಕೆ 60 ಲೀಟರ್ ನೂಕಲು ಬೇಕಾಗುವ ಶಕ್ತಿ 500 ವ್ಯಾಟ್, ಪಂಪ್‌ನ ಸ್ವಂತ ಘರ್ಷಣೆ ಬಿಟ್ಟು. ಒಂದು ಎಚ್‌ಪಿಯೂ ಇಲ್ಲ. ಕಾಲುಭಾಗ ದೊಡ್ಡ ಪಂಪ್ ಹಾಕಿದರೆ 125 ವ್ಯಾಟ್ ಹೆಚ್ಚು. ದೊಡ್ಡ ಪಂಪ್ ರಾಶಿ ಪವರ್ ತಿನ್ನುತ್ತದೆ ಎಂದು ಹೆದರಿಸುವವರ ಮಾತನ್ನೂ ನಾನು ನಂಬುವುದಿಲ್ಲ. ನಷ್ಟ ಇರುವುದು ಬೇರೆ ಕಡೆ.

ನಿಮಿಷಕ್ಕೆ 60 ಲೀಟರ್ ಎಂದರೆ ಸೆಕೆಂಡಿಗೆ ಒಂದು ಲೀಟರ್. ಎಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ಚೇಂಬರ್‌ನಲ್ಲಿರುವುದು ನಾಲ್ಕೈದು ಲೀಟರ್. ಮೇಲೆ ಹೋದದ್ದು ಅದೇ ವೇಗದಲ್ಲಿ ಕೆಳಗೆ ಇಳಿಯದಿದ್ದರೆ ಚೇಂಬರ್ ಬರಿದಾಗಲು ಒಂದು ಉದ್ದ ತಿರುವು ಸಾಕು. ಜೊತೆಗೆ, 1 ಜಿ, ಅಂದರೆ ಗುರುತ್ವದಷ್ಟೇ ಬಲ ಪಕ್ಕಕ್ಕೆ ಎಳೆಯುವ ತಿರುವಿನಲ್ಲಿ ಆಯಿಲ್‌ನ ಮೇಲ್ಮೈ 45 ಡಿಗ್ರಿ ವಾಲಿ ಚೇಂಬರ್‌ನ ಒಂದು ಗೋಡೆ ಹತ್ತಿರುತ್ತದೆ. ಪಂಪ್‌ಗೆ ಆಯಿಲ್ ಎಳೆದುಕೊಡುವ, ನಡುವೆ ಇರುವ ಸ್ಟ್ರೈನರ್ (ಜಾಲರಿ) ಬಾಯಿಗೆ ಆಗ ಸಿಗುವುದು ಗಾಳಿ. ಗೆಳೆಯನ ಕಾರಿನಲ್ಲಿ ಆದದ್ದು ಇದೇ. ಹಳೆಯ ಪಂಪ್ ಕಡಿಮೆ ಎಳೆಯುತ್ತಿದ್ದರಿಂದ ಹೇಗೋ ತಿರುವು ದಾಟುತ್ತಿತ್ತು, ಹೊಸದು ಅರ್ಧ ತಿರುವಿನಲ್ಲೇ ಬರಿದು ಮಾಡುತ್ತಿತ್ತು. ಅಪ್ಪನ ಬೋರ್‌ವೆಲ್ಲೇ.

ಎಳೆಯುವ ಕಡೆಗೆ ಇನ್ನೊಂದು ಮಿತಿಯೂ ಇದೆ. ಪಂಪ್ ಆಯಿಲನ್ನು 'ಹೀರುತ್ತದೆ' ಎನ್ನುತ್ತೇವೆ. ನಿಜಕ್ಕೂ ಆಯಿಲನ್ನು ಸ್ಟ್ರೈನರ್ ಒಳಗೆ ನೂಕುವುದು ಹೊರಗಿನ ಗಾಳಿಯ ಒತ್ತಡ, ಅದು ಇರುವುದೇ ಒಂದು ಬಾರ್. ಬೆಂಗಳೂರಿನ ಎತ್ತರದಲ್ಲಿ ಸುಮಾರು 0.9. ಎಷ್ಟೇ ದುಬಾರಿ ಪಂಪ್ ತಂದರೂ ಇದಕ್ಕಿಂತ ಹೆಚ್ಚು ಸಿಗದು. ಸ್ಟ್ರೈನರ್ ಪೈಪ್ ಹಳೆಯದೇ, ರೋಟರ್ ಮಾತ್ರ ದಪ್ಪ, ಆರ್‌ಪಿಎಂ ಮೊದಲಿಗಿಂತ ಹೆಚ್ಚು ಎಂದಾದರೆ ಒಂದು ಹಂತದ ಮೇಲೆ ಕುಳಿಗಳು ಪೂರ್ತಿ ತುಂಬುವುದಿಲ್ಲ. ಒಳಗೆ ಗುಳ್ಳೆ ಏಳುತ್ತವೆ, ಒತ್ತಡದ ಕಡೆಗೆ ಬಂದಾಗ ಸಿಡಿದು ಲೋಹವನ್ನು ಕೊರೆಯುತ್ತವೆ. ಇದೇ ಕ್ಯಾವಿಟೇಶನ್. ಹಾಗಾಗಿ ಪಂಪ್‌ಗೆ ಇಟ್ಟ ದುಡ್ಡಿನಲ್ಲಿ ಒಂದು ಪಾಲು ಸ್ಟ್ರೈನರ್‌ಗೆ, ಚೇಂಬರ್‌ನೊಳಗೆ ತಡೆಗೋಡೆ ಬೆಸುಗೆ ಹಾಕಿಸುವುದಕ್ಕೆ ಇಡಿ ಎನ್ನುತ್ತೇನೆ. ಸ್ಟ್ರೈನರ್‌ನ ಬಾಯಿ ಚೇಂಬರ್‌ನ ತಳದಿಂದ ಸಾಮಾನ್ಯವಾಗಿ 6ರಿಂದ 10 ಮಿ.ಮೀ. ಮೇಲಿರಬೇಕು. ಅಳೆಯಲು ಯಾವ ದುಬಾರಿ ಉಪಕರಣವೂ ಬೇಡ: ಮಕ್ಕಳ ಆಟದ ಕ್ಲೇ ಉಂಡೆ ಮಾಡಿ ಸ್ಟ್ರೈನರ್‌ಗೆ ಅಂಟಿಸಿ, ಗ್ಯಾಸ್ಕೆಟ್ ಸಮೇತ ಚೇಂಬರ್ ಕೂರಿಸಿ ಬಿಚ್ಚಿ, ಚಪ್ಪಟೆಯಾದ ಕ್ಲೇ ಎಷ್ಟು ದಪ್ಪ ಉಳಿದಿದೆ ನೋಡಿ. ಅಳೆದಾದ ಮೇಲೆ ಕ್ಲೇ ತೆಗೆಯುವುದನ್ನು ಮರೆಯಬೇಡಿ. ನಗಬೇಡಿ, ಮರೆತವರಿದ್ದಾರೆ.

ಇಷ್ಟೆಲ್ಲ ಹೇಳಿದ ಮೇಲೆ, ಪಂಪ್ ಬದಲಾಯಿಸಲೇಬೇಕಾದ ಒಂದು ಎಂಜಿನ್‌ನ ಕಥೆ ಹೇಳಬೇಕು. 1989ರಲ್ಲಿ ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್, ಅಂದರೆ ಆರ್32 ಜೊತೆ ಬಂದ ಆರ್‌ಬಿ26ಡಿಇಟಿಟಿ. 2568 ಸಿಸಿ, ಸಾಲಾಗಿ ಆರು ಸಿಲಿಂಡರ್, ಎರಡು ಟರ್ಬೊ, 8000ಕ್ಕೆ ರೆಡ್‌ಲೈನ್. ಕಾಗದದ ಮೇಲೆ 280 ಪಿಎಸ್. ಆದರೆ ಗಟ್ಟಿಮುಟ್ಟಾದ ಎರಕದ ಬ್ಲಾಕ್ ಇದ್ದುದರಿಂದ ಜಪಾನ್‌ನಲ್ಲೂ ಆಸ್ಟ್ರೇಲಿಯಾದಲ್ಲೂ ಜನ ಅದರಿಂದ ಅದರ ಎರಡು, ಮೂರು ಪಟ್ಟು ತೆಗೆಯತೊಡಗಿದರು. ಆಗ ಸೋತದ್ದು ಆಯಿಲ್ ಪಂಪ್. ಅದೂ ಹರಿವು ಸಾಲದೆ ಅಲ್ಲ, ಒಡೆದುಹೋಗಿ.

ಆ ಪಂಪ್ ಎಂಜಿನ್‌ನ ಮುಂದೆ, ಕ್ರ್ಯಾಂಕ್‌ನ ಮೂಗಿನ ಮೇಲೇ ಕೂತಿರುತ್ತದೆ. ಗುಂಡಗಿನ ಮೂಗಿನ ಎರಡು ಬದಿಯನ್ನು ಚಪ್ಪಟೆಯಾಗಿ ಕೆತ್ತಿರುತ್ತಾರೆ, ಒಳರೋಟರ್‌ನ ತೂತಿನಲ್ಲೂ ಅದಕ್ಕೆ ಸರಿಯಾದ ಎರಡು ಚಪ್ಪಟೆ. ಇಡೀ ಪಂಪ್ ತಿರುಗುವುದು ಈ ಎರಡು ಚಪ್ಪಟೆಗಳ ಹಿಡಿತದಲ್ಲಿ. ಆರ್32ರ ಮೊದಮೊದಲ ಎಂಜಿನ್‌ಗಳಲ್ಲಿ ಆ ಚಪ್ಪಟೆಯ ಉದ್ದ ಕಡಿಮೆ, ರೋಟರ್‌ನ ಪೂರ್ತಿ ಅಗಲಕ್ಕೆ ಅದು ತಾಗುತ್ತಿರಲಿಲ್ಲ. ಹಿಡಿತ ಸಿಗುತ್ತಿದ್ದುದು ಅಂಚಿನ ಒಂದು ಪಟ್ಟಿಯಲ್ಲಿ. ನಿಸ್ಸಾನ್ ಆಮೇಲೆ ಅದನ್ನು ಅಗಲ ಮಾಡಿತು.

ಇದರ ಮೇಲೆ ಆರು ಸಿಲಿಂಡರ್ ಸಾಲಿನ ಉದ್ದ ಕ್ರ್ಯಾಂಕ್. ಒಂದೊಂದು ಸಿಲಿಂಡರ್ ಉರಿದಾಗಲೂ ಅದು ಒದ್ದೆ ಬಟ್ಟೆ ಹಿಂಡಿದ ಹಾಗೆ ಚೂರು ತಿರುಚಿ ಮತ್ತೆ ಬಿಡಿಸಿಕೊಳ್ಳುತ್ತದೆ. ತಿರುಚು ಹೆಚ್ಚು ಕಾಣುವುದು ಮುಂದಿನ ತುದಿಯಲ್ಲಿ, ಪಂಪ್ ಕೂತ ಜಾಗದಲ್ಲೇ. ರೆವ್ ಲಿಮಿಟರ್‌ಗೆ ಬಡಿದಾಗ ಬೆಂಕಿ ಹತ್ತುವುದು, ಆರುವುದು, ಮತ್ತೆ ಹತ್ತುವುದು, ಹೀಗೆ ಆ ಎರಡು ಚಪ್ಪಟೆಗಳು ರೋಟರನ್ನು ಸುತ್ತಿಗೆಯಲ್ಲಿ ಬಡಿದಂತೆ ಬಡಿಯುತ್ತವೆ. ರೋಟರ್ ಮಾಡಿದ್ದು ಲೋಹದ ಪುಡಿಯನ್ನು ಅಚ್ಚಿನಲ್ಲಿ ಒತ್ತಿ ಕಾಯಿಸಿ. ಅಗ್ಗ, ನಿಖರ, ಸವೆತಕ್ಕೂ ಚೆನ್ನ, ಆದರೆ ಬಡಿತಕ್ಕೆ ಬಿರುಕು ಬಿಡುತ್ತದೆ. ಒಳರೋಟರ್ ಎರಡು ಹೋಳಾದ ಕ್ಷಣದಿಂದ ಆಯಿಲ್ ಇಲ್ಲ. 8000 ಆರ್‌ಪಿಎಂನಲ್ಲಿ ಆಯಿಲ್ ಇಲ್ಲದೆ ಬೇರಿಂಗ್ ಬದುಕುವ ಹೊತ್ತು ಗೇಜ್ ನೋಡಿ ಕಾಲು ಎತ್ತುವಷ್ಟೂ ಇಲ್ಲ. ರೇಸಿಂಗ್‌ಗೆಂದು ನಿಸ್ಸಾನ್ ಮಾಡಿದ ಎನ್1 ಪಂಪ್ ಹರಿವನ್ನು ಹೆಚ್ಚಿಸಿತು, ಆದರೆ ಅದರ ರೋಟರ್‌ಗಳೂ ಒಡೆದವು. ಹರಿವು ಸಮಸ್ಯೆಯೇ ಆಗಿರಲಿಲ್ಲವಲ್ಲ.

ಆದ್ದರಿಂದ ಆರ್‌ಬಿಗೆ ಪಂಪ್ ಆರಿಸುವವರು ನೋಡುವುದು ಲೀಟರನ್ನಲ್ಲ. ಗಟ್ಟಿ ಉಕ್ಕಿನ ತುಂಡಿನಿಂದ ಕೆತ್ತಿದ ಬಿಲ್ಲೆಟ್ ರೋಟರ್ ಇದೆಯೇ, ಹಳೆಯ ಕ್ರ್ಯಾಂಕ್ ಆದರೆ ಮೂಗಿಗೆ ಅಗಲ ಕಾಲರ್ ಬಿಗಿಸಿದ್ದಾರೆಯೇ, ಕ್ರ್ಯಾಂಕ್‌ನ ತಿರುಚಾಟ ತಗ್ಗಿಸುವ ಹಾರ್ಮೋನಿಕ್ ಡ್ಯಾಂಪರ್ ಹೊಸದು ಹಾಕಿದ್ದಾರೆಯೇ. ಎರಡು ಚಪ್ಪಟೆಯ ಬದಲು ಸುತ್ತಲೂ ಸ್ಪ್ಲೈನ್ ಹಲ್ಲುಗಳ ಮೇಲೆ ತಿರುಗುವ ಪಂಪ್‌ಗಳೂ ಈಗ ಸಿಗುತ್ತವೆ. ಮೂರರಲ್ಲಿ ಒಂದಕ್ಕೇ ದುಡ್ಡಿದ್ದರೆ ನಾನು ರೋಟರ್‌ಗೇ ಹಾಕುತ್ತೇನೆ, ಆದರೆ ಬಿರುಕು ಬಿಟ್ಟ ರಬ್ಬರಿನ ಹಳೆಯ ಡ್ಯಾಂಪರ್ ಇಟ್ಟುಕೊಂಡು ಬಿಲ್ಲೆಟ್ ರೋಟರ್ ಹಾಕಿಸುವುದು ಅರ್ಧ ಕೆಲಸ. ಇನ್ನೊಂದು ವಿಚಿತ್ರವೂ ಇಲ್ಲಿದೆ. ಆರ್‌ಬಿಯ ಹೆಡ್‌ಗೆ, ಅಂದರೆ ವಾಲ್ವ್‌ಗಳಿರುವ ಎಂಜಿನ್‌ನ ಮೇಲ್ಭಾಗಕ್ಕೆ, ಹೋದ ಆಯಿಲ್ ಕೆಳಗೆ ಬರಲು ತಡಮಾಡುತ್ತದೆ. ದೊಡ್ಡ ಪಂಪ್ ಹಾಕಿದರೆ ಹೆಡ್ ತುಂಬಿ ನಿಲ್ಲುತ್ತದೆ, ಚೇಂಬರ್ ಬತ್ತುತ್ತದೆ. ಅದಕ್ಕೇ ಕಟ್ಟುವವರು ಹೆಡ್‌ಗೆ ಹೋಗುವ ದಾರಿಯಲ್ಲಿ ಒಂದೂವರೆ ಮಿಲಿಮೀಟರ್ ಆಸುಪಾಸಿನ ಸಣ್ಣ ತೂತಿನ ರೆಸ್ಟ್ರಿಕ್ಟರ್ ಕೂರಿಸುತ್ತಾರೆ, ವಾಪಸ್ ಬರುವ ದಾರಿಗಳನ್ನು ಅಗಲ ಮಾಡುತ್ತಾರೆ, ಚೇಂಬರನ್ನೂ ಹಿಗ್ಗಿಸುತ್ತಾರೆ. ಒಂದು ಪಂಪ್ ಕೊಂಡವರು ಕೊನೆಗೆ ಇಡೀ ಆಯಿಲ್ ವ್ಯವಸ್ಥೆಯನ್ನೇ ಕೊಂಡಿರುತ್ತಾರೆ. ಬಜೆಟ್ ಹಾಕುವಾಗ ಇದು ನೆನಪಿರಲಿ.

ಬೇರೆ ಎಂಜಿನ್‌ಗಳ ಕಾಯಿಲೆ ಬೇರೆ. ಹೋಂಡಾ ಕೆ24 ಎಂಜಿನ್, ನಮ್ಮಲ್ಲಿ ಅಕಾರ್ಡ್ 2.4ರಲ್ಲಿ ಬಂದದ್ದು, ತನ್ನ ಆಯಿಲ್ ಪಂಪ್ ಜೊತೆಗೇ ನಡುಕ ತಗ್ಗಿಸುವ ಬ್ಯಾಲೆನ್ಸ್ ಶಾಫ್ಟ್‌ಗಳನ್ನು ಹೊತ್ತಿರುತ್ತದೆ. ರೆಡ್‌ಲೈನ್ ಏರಿಸುವವರು ಅದನ್ನು ತೆಗೆದು ಬ್ಯಾಲೆನ್ಸ್ ಶಾಫ್ಟ್ ಇಲ್ಲದ ಕೆ20ರ ಟೈಪ್-ಎಸ್ ಪಂಪ್ ಹಾಕುತ್ತಾರೆ. ಕಂಪನಿಯದ್ದೇ ಭಾಗ, ಅಣ್ಣನ ಅಂಗಿ ತಮ್ಮನಿಗೆ. ಬಿಎಂಡಬ್ಲ್ಯು ಎಂ50 ಮತ್ತು ಅದರ ಬಂಧುಗಳಲ್ಲಿ ಪಂಪ್ ಚೆನ್ನಾಗಿಯೇ ಇದೆ. ಅದರ ಸ್ಪ್ರಾಕೆಟ್ (ಚೈನ್ ತಿರುಗಿಸುವ ಹಲ್ಲುಚಕ್ರ) ಹಿಡಿದ ನಟ್ ಹೆಚ್ಚಿನ ಆರ್‌ಪಿಎಂನಲ್ಲಿ ಸಡಿಲಾಗಿ ಬಿದ್ದುಹೋಗುತ್ತದೆ, ಮದ್ದು ನಟ್‌ಗೆ ಹಾಕುವ ಒಂದು ಸುತ್ತು ತಂತಿ. 1997ರ ಕಾರ್ವೆಟ್‌ನಿಂದ ಶುರುವಾದ ಶೆವ್ರೊಲೆ ಎಲ್‌ಎಸ್ ಎಂಜಿನ್‌ಗಳಲ್ಲಿ ಸ್ಟ್ರೈನರ್ ಪೈಪ್ ಪಂಪ್‌ಗೆ ಸೇರುವಲ್ಲಿ ಒಂದು ಓ-ರಿಂಗ್. ಅದು ಕತ್ತರಿಸಿದರೆ, ತಪ್ಪು ದಪ್ಪದ್ದು ಕೂತರೆ ಪಂಪ್ ಆಯಿಲ್ ಬದಲು ಗಾಳಿ ಎಳೆಯುತ್ತದೆ. ಜನ ಪಂಪ್‌ಗೆ ಬೈದು ಹೊಸದು ತರಿಸುತ್ತಾರೆ, ಅದನ್ನೂ ಅದೇ ರಿಂಗ್ ಹಾಕಿ ಕೂರಿಸುತ್ತಾರೆ.

ಕೊಯಮತ್ತೂರಿನ ಕಾರಿ ಟ್ರ್ಯಾಕ್‌ಗೋ ಚೆನ್ನೈ ಹೊರಗಿನ ಟ್ರ್ಯಾಕ್‌ಗೋ ಹೋಗುವ ನಮ್ಮ ಹಳೆಯ ಹೋಂಡಾ ಸಿಟಿ ವಿಟೆಕ್‌ನಂಥ ಕಾರುಗಳಿಗೆ ಇಷ್ಟೊಂದು ಆಯ್ಕೆಯ ತಲೆನೋವಿಲ್ಲ. ಒರಿಜಿನಲ್ ಹೊಸ ಪಂಪ್ ತಂದು, ಚೇಂಬರ್‌ಗೆ ತಡೆಗೋಡೆ ಹಾಕಿಸಿ, ಒಳ್ಳೆಯ ಆಯಿಲ್ ಹಾಕಿದರೆ ಬಹುಪಾಲು ಕೆಲಸ ಮುಗಿಯಿತು. ಡೂಪ್ಲಿಕೇಟ್ ಪಂಪ್ ಮಾತ್ರ ಬೇಡವೇ ಬೇಡ. ಹೊಸ ತಲೆಮಾರಿನ ಟರ್ಬೊ ಕಾರುಗಳಲ್ಲಿ ಎಷ್ಟು ಆಯಿಲ್ ನೂಕಬೇಕೆಂಬುದನ್ನು ಎಂಜಿನ್‌ನ ಕಂಪ್ಯೂಟರ್ ಆದ ಇಸಿಯುವೇ ತೀರ್ಮಾನಿಸುವ ಪಂಪ್‌ಗಳಿರುತ್ತವೆ. ಅಲ್ಲಿ ಲೋಹಕ್ಕೆ ಕೈಹಾಕುವ ಮುಂಚೆ ಟ್ಯೂನ್ ಮಾಡುವವರನ್ನು ಕೇಳಿ. ಇನ್ನು ಸ್ಲಿಕ್ ಟೈರ್ ಹಾಕಿ ಉದ್ದ ತಿರುವುಗಳಲ್ಲಿ ನಿಜವಾಗಿ ಜೋರಾಗಿ ಓಡಿಸುವವರಿಗೆ ಯಾವ ಚೇಂಬರೂ ಸಾಲದ ಹಂತ ಬರುತ್ತದೆ. ಆಗ ಆಯಿಲನ್ನು ಬೇರೆ ಟ್ಯಾಂಕಿನಲ್ಲಿಟ್ಟು, ಎಂಜಿನ್ ತಳದಿಂದ ಒಂದಷ್ಟು ಪಂಪ್‌ಗಳು ಎತ್ತಿ ಕೊಡುವ ಡ್ರೈ ಸಂಪ್ ಬೇಕು. 2006ರ ಕಾರ್ವೆಟ್ ಝಡ್06 ಶೋರೂಮಿನಿಂದಲೇ ಅದರೊಂದಿಗೆ ಬಂತು. ದುಬಾರಿ ದಾರಿ, ಆದರೆ ಎರಡು ಸಲ ಎಂಜಿನ್ ಕಟ್ಟಿಸುವುದಕ್ಕಿಂತ ಅಗ್ಗ.

ತಂದ ಪಂಪನ್ನು ಡಬ್ಬಿಯಿಂದ ತೆಗೆದ ಹಾಗೆಯೇ ಜೋಡಿಸಬೇಡಿ. ಹಿಂದಿನ ಪ್ಲೇಟ್ ಬಿಚ್ಚಿ, ನೇರಪಟ್ಟಿ ಇಟ್ಟು ಫೀಲರ್ ಗೇಜ್‌ನಿಂದ ರೋಟರ್‌ನ ಪಕ್ಕದ ಸಂದು ಅಳೆದು ಮ್ಯಾನ್ಯುಯಲ್ ಜೊತೆ ಹೋಲಿಸಿ. ಕೆತ್ತಿದಾಗಿನ ಲೋಹದ ಚೂರು ಉಳಿದಿದೆಯೇ ನೋಡಿ ತೊಳೆಯಿರಿ. ರಿಲೀಫ್ ವಾಲ್ವ್‌ನ ಪಿಸ್ಟನ್ ಬೆರಳಿಗೆ ಸಲೀಸಾಗಿ ಜಾರಬೇಕು. ಪ್ಲೇಟಿನ ಸ್ಕ್ರೂಗಳಿಗೆ ಥ್ರೆಡ್ ಲಾಕ್ ಹಚ್ಚಿ ಬಿಗಿಯಿರಿ, ಸುಬಾರು ಇಜೆಯಲ್ಲಿ ಈ ಸ್ಕ್ರೂಗಳು ಸಡಿಲಾಗುವುದು ಹಳೆಯ ದೂರು. ಒಂದು ಸರಿಯಾದ ಪ್ರೆಶರ್ ಸೆನ್ಸರ್ ಹಾಕಿಸಿ ಇಸಿಯು ಅಥವಾ ಲಾಗರ್‌ಗೆ ಕೊಡಿ. ಡ್ಯಾಶ್‌ಬೋರ್ಡಿನ ಕೆಂಪು ದೀಪ ಸಾಮಾನ್ಯವಾಗಿ ಅರ್ಧ ಬಾರ್‌ಗಿಂತ ಕೆಳಗಿಳಿದ ಮೇಲೆ ಹತ್ತುವುದು, ಅಷ್ಟು ಹೊತ್ತಿಗೆ ಕಥೆ ಮುಗಿದಿರುತ್ತದೆ.

ಬಾವಿ ಪಂಪ್‌ಗೆ ಮೊದಲು ನೀರು ತುಂಬಿ ಗಾಳಿ ತೆಗೆಯುತ್ತೇವಲ್ಲ, ಇದಕ್ಕೂ ಹಾಗೆಯೇ. ಜೋಡಿಸುವಾಗ ರೋಟರ್‌ಗಳ ನಡುವೆ ಆಯಿಲ್ ತುಂಬಿ. ಮೊದಲ ಸಲ ತಿರುಗಿಸುವಾಗ ಸ್ಪಾರ್ಕ್ ಪ್ಲಗ್ ಎಲ್ಲ ಬಿಚ್ಚಿ, ಪೆಟ್ರೋಲ್ ಪಂಪ್‌ನ ಫ್ಯೂಸ್ ತೆಗೆದು, ಬರೀ ಸ್ಟಾರ್ಟರ್‌ನಿಂದ ತಿರುಗಿಸಿ. ಹತ್ತು ಸೆಕೆಂಡ್ ತಿರುಗಿಸಿ, ಸ್ಟಾರ್ಟರ್ ಆರಲು ಬಿಡಿ, ಮತ್ತೆ ಹತ್ತು. ಗೆಳೆಯನ ಕಾರಿಗೆ ಎರಡನೇ ಸಲ ಎಂಜಿನ್ ಕಟ್ಟಿದಾಗ ಮೂರನೇ ಸುತ್ತಿಗೂ ಮುಳ್ಳು ಏಳಲಿಲ್ಲ. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ನಾಲ್ಕನೆಯದಕ್ಕೆ ಮೆಲ್ಲಗೆ ಮೇಲೆದ್ದು ಒಂದೂವರೆ ಬಾರ್‌ನಲ್ಲಿ ನಿಂತಿತು. ಒಳಗಿದ್ದದ್ದು ಕಂಪನಿಯ ಅಳತೆಯದೇ ಪಂಪ್, ಹೊಸ ತಡೆಗೋಡೆಯ ಚೇಂಬರ್, ಕ್ಲೇ ಇಟ್ಟು ಅಳೆದ ಸ್ಟ್ರೈನರ್. ಅವನು ಪ್ಲಗ್‌ಗಳನ್ನು ಹಾಕತೊಡಗಿದ.